ಬಳಪದ ಕಲ್ಲಿನ ಹಳೆ ಗಣಿ: ಹುಡುಕುವುದು ಹೇಗೆ, ಓದುವುದು ಹೇಗೆ

ಬೇಲೂರು, ಹಳೇಬೀಡು ನೋಡಿ ಬಂದವರು ಕೇಳುವ ಪ್ರಶ್ನೆ ಒಂದಿದೆ: ಇಷ್ಟೊಂದು ಬಳಪದ ಕಲ್ಲು ಎಲ್ಲಿಂದ ತಂದರು? ದೇವಸ್ಥಾನದ ಅಂಗಳದಲ್ಲಿ ನಿಂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಹೊಲ, ಗೋಮಾಳ, ಹಳ್ಳದ ದಂಡೆ ಸುತ್ತಬೇಕು. ಹೇಗೆ ಸುತ್ತಬೇಕು, ಏನನ್ನು ನೋಡಬೇಕು ಎಂದು ಇಲ್ಲಿ ಬರೆದಿದ್ದೇನೆ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದವಳು. ನನ್ನ ತಾತ ಬಳಪದ ಕಲ್ಲಿನಲ್ಲಿ ಮರಿಗೆ ಕಡೆಯುತ್ತಿದ್ದರು. ಉಪ್ಪಿನಕಾಯಿಗೆ, ಹುಳಿ ಪದಾರ್ಥಕ್ಕೆ ಇಡುವ ಕಲ್ಲಿನ ಪಾತ್ರೆ ಇದೆಯಲ್ಲ, ಅದು. ಹೊಲದಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ತಾತನ ಪಾಠ.

ತಾತ ಹೇಳುತ್ತಿದ್ದದ್ದು ಇಷ್ಟೇ: ಗುಂಡಿ ಹುಡುಕಬೇಡ, ಚಕ್ಕೆ ಹುಡುಕು. ಹಳೆ ಗಣಿಯ ಗುಂಡಿ ಮಣ್ಣು ತುಂಬಿ ಹೊಲವಾಗುತ್ತದೆ, ಇಲ್ಲ ನೀರು ನಿಂತು ಕಟ್ಟೆಯಾಗುತ್ತದೆ. ಊರಿನವರೇ ಅದನ್ನು ಗಣಿ ಎನ್ನುವುದನ್ನು ಮರೆತಿರುತ್ತಾರೆ. ಆದರೆ ಕಲ್ಲು ಬಿಡಿಸುವಾಗ, ಒರಟಾಗಿ ಕೆತ್ತುವಾಗ ಬಿದ್ದ ಚಕ್ಕೆ ಅಲ್ಲೇ ಇರುತ್ತದೆ. ಅದನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಹೆಚ್ಚೆಂದರೆ ಉಳುವ ರೈತ ಆರಿಸಿ ಬದುವಿಗೆ ಹಾಕಿರುತ್ತಾನೆ. ಹಾಗಾಗಿ ಬದುಗಳನ್ನು ನೋಡುತ್ತಾ ನಡೆಯಿರಿ.

ಕೈಯಲ್ಲಿರುವುದು ಬಳಪದ ಕಲ್ಲೇನಾ?

ಚೀಲದಲ್ಲಿ ಇರಬೇಕಾದ್ದು ಸ್ವಲ್ಪವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹಿತ್ತಾಳೆಯ ಬೀಗದ ಕೈ, ಚಾಕು, ಸಣ್ಣ ಆಯಸ್ಕಾಂತ, ಹೊಳಪಿಲ್ಲದ ಬಿಳಿ ಟೈಲ್ಸಿನ ಚೂರು, ಒಂದು ನಿಂಬೆಹಣ್ಣು, ನೀರು. ದಿಕ್ಕು ನೋಡಲು ಫೋನ್ ಸಾಕು.

ಮೊದಲು ಉಗುರಿನಿಂದ ಗೀಚಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ಗೆ 1, ಅಂದರೆ ಎಲ್ಲಕ್ಕಿಂತ ಮೆತ್ತಗೆ. ಉಗುರು ಸುಮಾರು ಎರಡೂವರೆ. ಚಾಕುವಿನ ಉಕ್ಕು ಐದೂವರೆ. ಉಗುರಿಗೇ ಪುಡಿ ಉದುರಿದರೆ ಅದರಲ್ಲಿ ಟಾಲ್ಕ್ ಜಾಸ್ತಿ ಇದೆ. ಉಗುರು ಸುಮ್ನೆ ಜಾರಿ, ಬೀಗದ ಕೈ ಸುಲಭವಾಗಿ ಗೆರೆ ಎಳೆದರೆ ಅದರಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಸೇರಿದೆ. ನಮ್ಮ ಹೊಯ್ಸಳ ದೇವಸ್ಥಾನಗಳ ಕಲ್ಲು ಹೆಚ್ಚಾಗಿ ಈ ಎರಡನೇ ಜಾತಿ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಕ್ಲೋರೈಟ್ ಶಿಸ್ಟ್. ಶಿಸ್ಟ್ ಎಂದರೆ ಪದರ ಪದರವಾಗಿರುವ ಕಲ್ಲು. ಊರಿನ ಬಾಯಲ್ಲಿ ಎರಡೂ ಬಳಪದ ಕಲ್ಲೇ, ಹಾಗೆ ಕರೆಯುವುದರಲ್ಲಿ ತಪ್ಪೇನೂ ಇಲ್ಲ.

ಟೈಲ್ಸಿನ ಮೇಲೆ ಉಜ್ಜಿದರೆ ಟಾಲ್ಕ್ ಬಿಳಿ ಗೆರೆ ಕೊಡುತ್ತದೆ. ಕ್ಲೋರೈಟ್ ಸೇರಿದ್ದರೆ ಗೆರೆಯಲ್ಲಿ ತೆಳು ಹಸಿರು ಛಾಯೆ ಕಾಣುತ್ತದೆ. ಬೆರಳಿನಿಂದ ತಿಕ್ಕಿದರೆ ಸೋಪು ಮುಟ್ಟಿದಂತೆ ಜಾರಬೇಕು. ಕಾರಣ ಖನಿಜದ ಒಳಗಿನ ರಚನೆಯಲ್ಲಿದೆ. ಟಾಲ್ಕ್ ಎಂದರೆ ತುಪ್ಪ ಸವರಿ ಒಂದರ ಮೇಲೊಂದು ಪೇರಿಸಿದ ಹೋಳಿಗೆ. ಪ್ರತಿ ಪದರ ತನ್ನಷ್ಟಕ್ಕೆ ಗಟ್ಟಿ, ಆದರೆ ಪದರ ಪದರಗಳ ನಡುವಿನ ಹಿಡಿತ ತೀರಾ ಕಮ್ಮಿ. ಸ್ವಲ್ಪ ಒತ್ತಿದರೆ ಒಂದರ ಮೇಲೊಂದು ಸರಿಯುತ್ತವೆ. ಉಳಿ ಸಲೀಸಾಗಿ ಓಡುವುದಕ್ಕೂ ಬಳಪ ಕಪ್ಪು ಹಲಗೆಯ ಮೇಲೆ ಬರೆಯುವುದಕ್ಕೂ ಇದೇ ಕಾರಣ.

ಮೋಸ ಮಾಡುವ ಕಲ್ಲುಗಳೂ ಇವೆ. ಸ್ಲೇಟು ಕಲ್ಲು ನೋಡಲು ಹಾಗೇ ಇರುತ್ತದೆ, ಆದರೆ ಉಗುರಿಗೆ ಜಗ್ಗುವುದಿಲ್ಲ, ತಟ್ಟಿದರೆ ಟಣ್ ಎನ್ನುತ್ತದೆ. ಸರ್ಪೆಂಟೀನ್ ಹಸಿರಾಗಿ, ನುಣುಪಾಗಿ ಇದ್ದರೂ ಇನ್ನಷ್ಟು ಗಟ್ಟಿ. ಪೈರೋಫಿಲೈಟ್ ಎಂಬ ಇನ್ನೊಂದು ಖನಿಜವಿದೆ. ಅದನ್ನೂ ಟಾಲ್ಕನ್ನೂ ಕೈಯಲ್ಲಿ ಹಿಡಿದು ಬೇರೆ ಮಾಡಲು ನನಗೂ ಆಗುವುದಿಲ್ಲ, ಲ್ಯಾಬಿಗೇ ಕಳಿಸಬೇಕು. ಆದರೆ ಅದು ಹುಟ್ಟುವ ಜಾಗವೇ ಬೇರೆ. ಆದ್ದರಿಂದ ಕಲ್ಲಿಗಿಂತ ಸುತ್ತಲಿನ ನೆಲ ನೋಡುವುದು ಮುಖ್ಯ.

ಎಲ್ಲಿ ನಡೆಯಬೇಕು

ಬಳಪದ ಕಲ್ಲು ಎಲ್ಲೆಂದರಲ್ಲಿ ಇರುವುದಿಲ್ಲ. ಅದಕ್ಕೆ ಮ್ಯಾಗ್ನೀಷಿಯಂ ತುಂಬಿದ ತಾಯಿಕಲ್ಲು ಬೇಕು. ಭೂಮಿಯ ಒಳಗಿನಿಂದ ತುಂಬಾ ಬಿಸಿಯಾದ ಲಾವಾ ಮೇಲೆ ಬಂದು ತಣಿದ ಕಪ್ಪು, ಭಾರದ ಕಲ್ಲುಗಳು ಅವು. ಅಲ್ಟ್ರಾಮಾಫಿಕ್ ಎನ್ನುತ್ತೇವೆ. ಇವುಗಳೊಳಗೆ ನೀರು ಹೊಕ್ಕು ಸರ್ಪೆಂಟೀನ್ ಆಯಿತು. ಆಮೇಲೆ ಇಂಗಾಲದ ಡೈಆಕ್ಸೈಡ್ ಬೆರೆತ ಬಿಸಿನೀರು ಬಿರುಕುಗಳಲ್ಲಿ ಹರಿಯಿತು. ಸರ್ಪೆಂಟೀನ್ ಒಡೆದು ಟಾಲ್ಕ್ ಮತ್ತು ಮ್ಯಾಗ್ನಸೈಟ್ ಎಂಬ ಇನ್ನೊಂದು ಖನಿಜ ಎರಡೂ ಹುಟ್ಟಿದವು. ಈ ಜೋಡಿಯನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕರ್ನಾಟಕದಲ್ಲಿ ಇಂಥ ಕಲ್ಲುಗಳು ಉದ್ದುದ್ದ ಪಟ್ಟಿಗಳಾಗಿ ಉಳಿದಿವೆ. ಅವುಗಳ ಸುತ್ತ ಎಲ್ಲ ಕಡೆ ನೈಸ್ (gneiss) ಎಂಬ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು ಮತ್ತು ಗ್ರಾನೈಟು. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿ ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಮಾತ್ರ ಒಂದೆರಡು ಕಿಲೋಮೀಟರ್. ಅಲ್ಲೇ ಭೈರಾಪುರದ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರಿನ, ಗಣಿ ಇರುವುದು. ಕ್ರೋಮೈಟ್ ಇದೆ ಎಂದರೆ ತಾಯಿಕಲ್ಲು ಇದೆ ಎಂದೇ ಅರ್ಥ. ಹೊಳೆನರಸೀಪುರ ಮತ್ತು ಕೃಷ್ಣರಾಜಪೇಟೆಯ ಪಟ್ಟಿಗಳೂ ಇದೇ ಕುಲದವು. ಭೂವಿಜ್ಞಾನಿಗಳು ಇವನ್ನು ಸರಗೂರು ಗುಂಪಿಗೆ ಸೇರಿಸುತ್ತಾರೆ. ವಯಸ್ಸು 300 ಕೋಟಿ ವರ್ಷಕ್ಕೂ ಮೇಲೆ. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಸುತ್ತಮುತ್ತ ಜಾವಗಲ್, ಅರಸೀಕೆರೆ, ಅರಳಗುಪ್ಪೆ, ತುರುವೇಕೆರೆ. ಹೊಯ್ಸಳರ ಗುಡಿಗಳ ನಕ್ಷೆ ಮತ್ತು ಶಿಸ್ಟ್ ಪಟ್ಟಿಗಳ ನಕ್ಷೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಾನು ಹೆಚ್ಚು ಹೇಳಬೇಕಾಗಿಲ್ಲ.

ನಕ್ಷೆಗೆ ದುಡ್ಡು ಬೇಡ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್‌ನಲ್ಲಿ ನಿಮ್ಮ ತಾಲ್ಲೂಕು ತೆರೆಯಿರಿ. ಅಲ್ಟ್ರಾಮಾಫಿಕ್, ಟಾಲ್ಕ್ ಶಿಸ್ಟ್, ಕ್ಲೋರೈಟ್ ಶಿಸ್ಟ್ ಎಂದು ಬಣ್ಣ ಹಚ್ಚಿದ ತೆಳು ಗೆರೆಗಳನ್ನು ಗುರುತು ಹಾಕಿಕೊಳ್ಳಿ. ಈ ಪಟ್ಟಿಗಳು ಬಹುತೇಕ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಓಡುತ್ತವೆ. ನೀವು ಅದಕ್ಕೆ ಅಡ್ಡಲಾಗಿ, ಅಂದರೆ ಹೆಚ್ಚುಕಮ್ಮಿ ಪೂರ್ವ-ಪಶ್ಚಿಮವಾಗಿ ನಡೆಯಬೇಕು. ಪಟ್ಟಿಯ ಉದ್ದಕ್ಕೇ ನಡೆದರೆ ದಿನವಿಡೀ ಒಂದೇ ಕಲ್ಲಿನ ಮೇಲೆ ಕಾಲಿಡುತ್ತಾ ಹೋಗುತ್ತೀರಿ.

ನೆಲವೂ ಸುಳಿವು ಕೊಡುತ್ತದೆ. ತಾಯಿಕಲ್ಲಿನ ಮೇಲಿನ ಮಣ್ಣಿನಲ್ಲಿ ಮ್ಯಾಗ್ನೀಷಿಯಂ, ನಿಕ್ಕಲ್, ಕ್ರೋಮಿಯಂ ಜಾಸ್ತಿ, ಸುಣ್ಣದ ಅಂಶ ಕಮ್ಮಿ. ಗಿಡಗಳಿಗೆ ಅದು ಇಷ್ಟವಾಗುವುದಿಲ್ಲ. ಸುತ್ತ ಪೊದೆ ದಟ್ಟವಾಗಿದ್ದು ನಡುವೆ ಒಂದು ಪಟ್ಟಿ ಮಾತ್ರ ಬೋಳಾಗಿದ್ದರೆ ನಿಲ್ಲಿ. ಅಲ್ಲಿ ಹೂಕೋಸಿನಂಥ ಬಿಳಿ ಉಂಡೆಗಳು ಬಿದ್ದಿವೆಯಾ ನೋಡಿ. ಮ್ಯಾಗ್ನಸೈಟ್ ಇರಬಹುದು, ಹೊಲದ ಸುಣ್ಣದ ಗಂಟೂ ಇರಬಹುದು. ಉಂಡೆಯನ್ನು ಚಾಕುವಿನಿಂದ ಕೆರೆದು, ಪುಡಿಯ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣ. ತಣ್ಣನೆಯ ಹುಳಿಗೆ ಮ್ಯಾಗ್ನಸೈಟ್ ಮಿಸುಕುವುದಿಲ್ಲ. ನೊರೆ ಬರಲಿಲ್ಲವೆಂದರೆ ಜೋಡಿಯ ಇನ್ನೊಬ್ಬ, ಅಂದರೆ ಟಾಲ್ಕ್, ಹತ್ತಿರದಲ್ಲೇ ಇರುವ ಸಾಧ್ಯತೆ ಚೆನ್ನಾಗಿದೆ.

ಹೋಗುವ ಕಾಲ ಜನವರಿಯಿಂದ ಮಾರ್ಚ್. ಕೊಯ್ಲು ಮುಗಿದಿರುತ್ತದೆ, ಹುಲ್ಲು ಒಣಗಿರುತ್ತದೆ. ಮಳೆಗಾಲದಲ್ಲಿ ಖಂಡಿತ ಬೇಡ. ಒದ್ದೆಯಾದ ಟಾಲ್ಕ್ ಶಿಸ್ಟಿನ ಇಳಿಜಾರಿನಲ್ಲಿ ಯಾವ ಬೂಟೂ ನಿಲ್ಲುವುದಿಲ್ಲ, ಕೆಳಗೆ ನೀರು ತುಂಬಿದ ಗುಂಡಿಯಿದ್ದರೆ ಹತ್ತಿ ಬರುವುದೂ ಕಷ್ಟ. ಹೊಲದ ಯಜಮಾನರನ್ನು ಕೇಳಿಯೇ ಕಾಲಿಡಿ. ಕೇಳಿದರೆ ಇನ್ನೊಂದು ಲಾಭವಿದೆ. "ಇಲ್ಲಿ ಮಕ್ಕಳು ಬಳಪ ಆರಿಸಿಕೊಳ್ಳುತ್ತಿದ್ದ ಜಾಗ ಎಲ್ಲಿ?" ಎಂದು ಅರವತ್ತು ದಾಟಿದವರನ್ನು ವಿಚಾರಿಸಿ. ಗಣಿ ಎಲ್ಲಿ ಎಂದರೆ ಅನುಮಾನದಿಂದ ನೋಡುತ್ತಾರೆ. ಬಳಪ ಎಂದರೆ ಮುಖ ಅರಳಿ, ಅವರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಮಸೂರವನ್ನು ದಾಟುವುದು

ಬಳಪದ ಕಲ್ಲು ಸಾಮಾನ್ಯವಾಗಿ ಮಸೂರದ ಆಕಾರದಲ್ಲಿ ಸಿಗುತ್ತದೆ. ನಡುವೆ ದಪ್ಪ, ಎರಡೂ ತುದಿಗೆ ಸಣ್ಣಗಾಗುತ್ತಾ ಮಾಯ. ಹೊರಗಿನಿಂದ ಒಳಕ್ಕೆ ನಡೆದರೆ ಕಲ್ಲು ಬದಲಾಗುವ ಕ್ರಮವನ್ನು ಕಣ್ಣಿನಿಂದಲೇ ಹಿಡಿಯಬಹುದು. ಮೊದಲು ಸುತ್ತಲಿನ ನೈಸ್. ಅದಕ್ಕೆ ಅಂಟಿಕೊಂಡು ಕಡು ಹಸಿರು, ಹೆಚ್ಚುಕಮ್ಮಿ ಕಪ್ಪು ಎನ್ನಿಸುವ ಕ್ಲೋರೈಟ್ ಪದರ. ಕೆಲವು ಕಡೆ ಅದರ ಪಕ್ಕ ಸೂಜಿ ಸೂಜಿಯಾದ ಟ್ರೆಮೋಲೈಟ್. ಆಮೇಲೆ ಬೂದು-ಬಿಳಿ ಟಾಲ್ಕ್. ಅದರ ಒಳಗೆ ಟಾಲ್ಕ್ ಮತ್ತು ಮ್ಯಾಗ್ನಸೈಟ್ ಬೆರೆತದ್ದು. ನಟ್ಟನಡುವೆ ಇನ್ನೂ ಬದಲಾಗದೆ ಉಳಿದ ಸರ್ಪೆಂಟೀನ್. ಆಯಸ್ಕಾಂತ ಹಿಡಿದರೆ ಸರ್ಪೆಂಟೀನ್ ಹಲವು ಸಲ ಎಳೆಯುತ್ತದೆ, ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ. ಪ್ರತಿ ಮಸೂರದಲ್ಲೂ ಎಲ್ಲ ಪದರಗಳೂ ಇರುತ್ತವೆ ಎಂದುಕೊಳ್ಳಬೇಡಿ. ಸಣ್ಣ ಮಸೂರಗಳಲ್ಲಿ ಒಳಗಿನದೆಲ್ಲ ಟಾಲ್ಕ್ ಆಗಿ ಮುಗಿದಿರುತ್ತದೆ. ಕೆಲವು ಕಡೆ ಇಡೀ ಲಾವಾ ಹರಿವೇ ಟಾಲ್ಕ್, ಟ್ರೆಮೋಲೈಟ್, ಕ್ಲೋರೈಟ್ ಬೆರೆತ ಶಿಸ್ಟ್ ಆಗಿಬಿಟ್ಟಿರುತ್ತದೆ, ಅಲ್ಲಿ ಈ ಅಚ್ಚುಕಟ್ಟು ಕ್ರಮ ಕಾಣುವುದಿಲ್ಲ.

ಕಲ್ಲುಕುಟಿಗರಿಗೆ ಈ ಹೆಸರುಗಳು ಬೇಕಿರಲಿಲ್ಲ, ಆದರೆ ಪದರಗಳು ಚೆನ್ನಾಗಿ ಗೊತ್ತಿದ್ದವು. ಅಂಚಿನ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ, ಅದು ವಿಗ್ರಹಕ್ಕೆ ಬಾರದು. ಅವರಿಗೆ ಬೇಕಾದದ್ದು ಒಳಗಿನ, ಸಣ್ಣ ಕಣದ, ಎಲ್ಲ ಕಡೆಗೂ ಒಂದೇ ಥರ ಕೆತ್ತಿಸಿಕೊಳ್ಳುವ ಕಲ್ಲು. ತಾತ ಒಂದು ತುಂಡನ್ನು ನೇತುಹಾಕಿ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಿದ್ದರು. ನಾದ ಉಳಿದರೆ ಒಳಗೆ ಬಿರುಕಿಲ್ಲ. ಮಂಕಾಗಿ ಸತ್ತರೆ ಆ ಕಲ್ಲು ಬೇಲಿಗೆ. ಶಿಲ್ಪಿಗಳು ಇದೇ ನಾದ ಕೇಳಿ ಗಂಡು, ಹೆಣ್ಣು, ನಪುಂಸಕ ಎಂದು ಕಲ್ಲನ್ನು ವಿಂಗಡಿಸುತ್ತಾರೆ.

ಹಾಗಾಗಿ ಹಳೆ ಗಣಿಗಳು ದುಂಡಗಿರುವುದು ಅಪರೂಪ. ಒಳ್ಳೆ ಕಲ್ಲಿನ ಬೆನ್ನು ಹತ್ತಿ ಹೋದ ಉದ್ದನೆಯ, ಇಕ್ಕಟ್ಟಾದ ಕಂದಕಗಳು ಅವು. ಉತ್ತರ-ದಕ್ಷಿಣದ ಕಡೆಗೆ ಉದ್ದವಾಗಿ, ಒಂದು ಬದಿಯಲ್ಲಿ ಚಕ್ಕೆಯ ದಿಣ್ಣೆ ಇರುವ ಕಟ್ಟೆಯನ್ನು ಕಂಡರೆ ಅದು ನೀರಿಗಾಗಿ ತೋಡಿದ್ದೋ ಕಲ್ಲಿಗಾಗಿ ತೋಡಿದ್ದೋ ಎಂದು ಒಮ್ಮೆ ಯೋಚಿಸಿ. ನೀರಿಗಾಗಿ ತೋಡಿದವರು ಹಳ್ಳದ ದಿಕ್ಕು ನೋಡುತ್ತಾರೆ, ಕಲ್ಲಿಗಾಗಿ ತೋಡಿದವರು ಮಸೂರದ ದಿಕ್ಕು ನೋಡುತ್ತಾರೆ.

ಗೋಡೆಯ ಮೇಲಿನ ಗುರುತು

ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಗಣಿಯ ಗೋಡೆ ನೋಡಿ. ಮಧ್ಯಾಹ್ನದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ.

ಗ್ರಾನೈಟಿನಲ್ಲಿ ಸಾಲಾಗಿ ಗೂಡು ಕೊರೆದು, ಬೆಣೆ ಬಡಿದು, ಬಂಡೆಯನ್ನು ಸೀಳುತ್ತಾರೆ. ಸೀಳಿದ ಅಂಚಿನಲ್ಲಿ ಹಲ್ಲಿನ ಸಾಲಿನಂಥ ಗುರುತು ಉಳಿಯುತ್ತದೆ. ಮೆತ್ತನೆ ಕಲ್ಲಿಗೆ ಈ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ. ಬೆಣೆಯ ಒತ್ತಡಕ್ಕೆ ಅದು ನೇರವಾಗಿ ಸೀಳುವ ಬದಲು ಪದರದ ಕಡೆಗೆ ಜಾರಿ ಒಡೆಯುತ್ತದೆ. ಅದಕ್ಕೆ ಬೇಕಾದ ದಿಮ್ಮಿಯ ಸುತ್ತ ಚೂಪು ಗುದ್ದಲಿಯಿಂದ ಕಾಲುವೆ ತೋಡಿ, ಬುಡ ಕಡಿದು ಎತ್ತುವುದು ಸುಲಭ. ಆಗ ಗೋಡೆಯ ಮೇಲೆ ಓರೆಯಾದ, ಒತ್ತೊತ್ತಾದ ಗೀರುಗಳು ಉಳಿಯುತ್ತವೆ. ಗೀರು ಯಾವ ಕಡೆಗೆ ವಾಲಿದೆ ಎಂದು ನೋಡಿದರೆ ಕೆಲಸಗಾರ ಎಲ್ಲಿ ನಿಂತಿದ್ದ ಎನ್ನುವುದೂ ಗೊತ್ತಾಗುತ್ತದೆ. ಕಾಲುವೆ ಒಬ್ಬ ಮನುಷ್ಯ ಒಳಗೆ ನಿಂತು ಕೈ ಬೀಸುವಷ್ಟು ಅಗಲ ಇರುತ್ತದೆ. ಅರ್ಧ ಬಿಡಿಸಿ ಬಿಟ್ಟ ದಿಮ್ಮಿ ಸಿಕ್ಕರೆ ಅದೃಷ್ಟ. ಅದರ ಅಳತೆ ತೆಗೆದುಕೊಳ್ಳಿ, ಯಾಕೆ ಬಿಟ್ಟರು ಎಂದೂ ಹುಡುಕಿ. ಹೆಚ್ಚಿನ ಸಲ ಒಂದು ಬಿರುಕು ಅಡ್ಡ ಬಂದಿರುತ್ತದೆ.

ಪಾತ್ರೆಯ ಕಲ್ಲು ತೆಗೆದ ಜಾಗದ ಗುರುತು ಬೇರೆ. ಬಂಡೆಯಲ್ಲೇ ದುಂಡನೆಯ ಉಬ್ಬು ಬಿಡಿಸಿ ಮುರಿದುಕೊಳ್ಳುತ್ತಾರೆ, ದುಂಡನೆಯ ಕಲೆ ಉಳಿಯುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫ್ಲರ್ ಡಿ ಲೀಸ್‌ನಲ್ಲೂ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದ ಕ್ಯಾಟ್‌ಪಂಡ್‌ನಲ್ಲೂ ಇಂಥ ಕಲೆಗಳಿಂದಲೇ ಹಳೆ ಗಣಿಗಳನ್ನು ಗುರುತಿಸಿದ್ದಾರೆ. ಸಾಗರದ ಆಚೆಯ ಬೇರೆ ಬೇರೆ ಜನ, ಆದರೆ ಕಲ್ಲು ಒಂದೇ ಥರದ್ದಾದ್ದರಿಂದ ಕೈ ಓಡಿದ್ದೂ ಒಂದೇ ಥರ.

ಗೋಡೆಯಲ್ಲಿ ಉದ್ದಕ್ಕೆ ಸೀಳಿದ ಕೊಳವೆಯಂಥ ನುಣುಪಾದ ಅರ್ಧವೃತ್ತದ ಗುರುತು ಕಂಡರೆ ಅದು ಜಾಕ್‌ಹ್ಯಾಮರ್ ಎಂಬ ಕೊರೆಯುವ ಯಂತ್ರದ್ದು, ಅಂದರೆ ಇತ್ತೀಚಿನ ಕೆಲಸ. ಕಾಗದ, ಬಣ್ಣ, ಪಿಂಗಾಣಿ, ಪೌಡರ್ ಕಾರ್ಖಾನೆಗಳಿಗೆ ಟಾಲ್ಕ್ ಬೇಕು. ಅವರಿಗೆ ದಿಮ್ಮಿ ಬೇಡ, ಪುಡಿ ಸಾಕು. ಹಾಗಾಗಿ ಸಿಡಿಮದ್ದು ಇಟ್ಟು ಒಡೆಯುತ್ತಾರೆ, ಹಳೆ ಗುರುತುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಭಾರತದ ಟಾಲ್ಕ್ ಈಗ ಹೆಚ್ಚಾಗಿ ಬರುವುದು ರಾಜಸ್ಥಾನದಿಂದ, ಆಮೇಲೆ ಉತ್ತರಾಖಂಡದಿಂದ. ನಮ್ಮ ಮಸೂರಗಳು ಸಣ್ಣವಾಗಿದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಗೀರು ನೋಡಿ ಕಾಲ ಹೇಳಬೇಡಿ. ಅದೇ ಗುದ್ದಲಿ, ಅದೇ ಉಳಿ 12ನೇ ಶತಮಾನದಲ್ಲೂ ಇತ್ತು, ತಾತನ ಕೈಯಲ್ಲೂ ಇತ್ತು. ಜಾಕ್‌ಹ್ಯಾಮರಿಗಿಂತ ಮುಂಚಿನದು ಎಂದಷ್ಟೇ ಬರೆದುಕೊಳ್ಳಿ. ಹತ್ತಿರದಲ್ಲಿ ಶಾಸನವೋ, ಅರ್ಧ ಕೆತ್ತಿದ ಕಂಬದ ತುಂಡೋ ಸಿಕ್ಕರೆ ಆಗ ಕಾಲದ ಮಾತು ಎತ್ತಬಹುದು.

ಗಣಿ ನೋಡಿದ ಮೇಲೆ ಗುಡಿಗೆ ಹೋಗಿ

ಕ್ರಮ ಹೀಗೇ ಇರಲಿ. ಮೊದಲು ಗಣಿ, ಆಮೇಲೆ ಗುಡಿ. ಆಗ ಗುಡಿಯಲ್ಲಿ ಕಾಣುವುದೇ ಬೇರೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಮರಳುಗಲ್ಲು ಬಳಸಿದರು. 11ನೇ ಶತಮಾನದ ನಡುವೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಳಪದ ಕಲ್ಲು ಬಂತು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಇದಕ್ಕೆ ಮೊದಲ ಉದಾಹರಣೆಯಾಗಿ ಹೇಳುತ್ತಾರೆ. ಆಮೇಲೆ ಲಕ್ಕುಂಡಿ, 1112ರಲ್ಲಿ ಇಟಗಿಯ ಮಹಾದೇವ, 1117ರಲ್ಲಿ ಬೇಲೂರು. ಕಲ್ಲು ಬದಲಾದಾಗ ಕೆಲಸವೂ ಬದಲಾಯಿತು. ಮರಳುಗಲ್ಲಿನಲ್ಲಿ ಕಣ ಉದುರುತ್ತದೆ, ಕೂದಲೆಳೆಯ ಸರ ಕೆತ್ತಿದರೆ ನಿಲ್ಲುವುದಿಲ್ಲ. ಬಳಪದ ಕಲ್ಲಿನಲ್ಲಿ ನಿಲ್ಲುತ್ತದೆ. ಕಂಬವನ್ನು ತಿರುಗಣಿಗೆ ಹಾಕಿ ಕಡೆಯುವುದಕ್ಕೂ ಇದು ಒಗ್ಗಿತು. ನವರಂಗದ ಕಂಬದ ಹತ್ತಿರ ನಿಂತು, ಬೆಳಕು ಓರೆಯಾಗಿ ಬೀಳುವ ಕಡೆ ತೆಳು ಉಂಗುರಗಳನ್ನು ಹುಡುಕಿ. ತಾತನ ಮರಿಗೆಯ ಹೊಟ್ಟೆಯ ಮೇಲೂ ಅಂಥವೇ ಉಂಗುರ ಇರುತ್ತಿದ್ದವು.

ಇನ್ನೊಂದನ್ನು ನೋಡಿ. ಗೋಡೆ ಸಣ್ಣ ಸಣ್ಣ ತುಂಡುಗಳನ್ನು ಗಾರೆಯಿಲ್ಲದೆ ಜೋಡಿಸಿ ಎಬ್ಬಿಸಿದ್ದು. ಶಿಸ್ಟಿನ ಮಸೂರದಲ್ಲಿ ಬಿರುಕಿಲ್ಲದ ದೊಡ್ಡ ದಿಮ್ಮಿ ಸಿಗುವುದು ಕಷ್ಟ. ಶ್ರವಣಬೆಳಗೊಳದಲ್ಲಿ ಎರಡೂ ಕಲ್ಲನ್ನು ಒಂದೇ ದಿನ ನೋಡಬಹುದು. ಬೆಟ್ಟದ ಮೇಲೆ ಸುಮಾರು 58 ಅಡಿಯ ಗೊಮ್ಮಟ, ಒಂದೇ ಗ್ರಾನೈಟ್ ಬಂಡೆ. ಊರೊಳಗೆ 1181ರ ಅಕ್ಕನ ಬಸದಿ, ಬಳಪದ ಕಲ್ಲು. ಗೊಮ್ಮಟನಷ್ಟು ದೊಡ್ಡ ತುಂಡನ್ನು ಯಾವ ಬಳಪದ ಗಣಿಯೂ ಕೊಡಲಾರದು. ಅಕ್ಕನ ಬಸದಿಯ ಕಂಬದ ಹೊಳಪನ್ನು ಗ್ರಾನೈಟಿನಲ್ಲಿ ತರಿಸುವುದು ಅಷ್ಟು ಸುಲಭವಲ್ಲ.

ಮಳೆ ಬೀಳುವ ಕಡೆ ಮೂರ್ತಿಗಳು ಹಾಳೆಯಾಗಿ ಎದ್ದಿರುವುದೂ ಕಾಣುತ್ತದೆ. ಅದು ಶಿಸ್ಟಿನ ಪದರ. ತುಂಡನ್ನು ಕೂರಿಸುವಾಗ ಪದರ ಗೋಡೆಗೆ ಸಮನಾಗಿ ನಿಂತರೆ ಮುಖವೇ ಕಳಚುತ್ತದೆ. ಅಡ್ಡಲಾಗಿ ಮಲಗಿದ್ದರೆ ಜಾಸ್ತಿ ದಿನ ಬಾಳುತ್ತದೆ. ಗಣಿಯಲ್ಲಿ ಪದರದ ದಿಕ್ಕು ನೋಡಿ ಬಂದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅಲ್ವಾ? ಗುಡಿಯಲ್ಲಿ ಕಣ್ಣು ಮಾತ್ರ ಬಳಸಿ. ಉಗುರು, ಬೀಗದ ಕೈ, ನಿಂಬೆಹಣ್ಣು ಯಾವುದೂ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯಿದೆಯ ಪ್ರಕಾರ ಅಪರಾಧ.

ವಿಜಯನಗರದವರು ಮತ್ತೆ ಗ್ರಾನೈಟಿಗೆ ಹೋದರು. ಬಳಪದ ಕಲ್ಲು ಮುಗಿದುಹೋಗಿತ್ತು ಎಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ, ಮಸೂರಗಳು ಇವತ್ತಿಗೂ ಇವೆ. ಹಂಪಿಯ ಸುತ್ತ ಎತ್ತ ನೋಡಿದರೂ ಗ್ರಾನೈಟು, ಮನೆಬಾಗಿಲ ಕಲ್ಲನ್ನು ಬಿಟ್ಟು ದೂರದಿಂದ ಯಾರು ತರುತ್ತಾರೆ? ಬಳಪದ ಗಣಿಗಳು ಆಮೇಲೆ ಸಣ್ಣ ಕೆಲಸಕ್ಕೆ ಉಳಿದವು. ಮರಿಗೆ, ದೀಪ, ಮನೆದೇವರ ವಿಗ್ರಹ, ಬರೆಯುವ ಬಳಪ. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳ ಮೇಲೆ ಲೆಕ್ಕಪತ್ರ ಬರೆದದ್ದೂ ಇದೇ ಬಳಪದಿಂದ.

ಬರೆದಿಡುವುದು, ಮನೆಗೆ ತರುವುದು

ಸಿಕ್ಕ ಜಾಗದ ಅಕ್ಷಾಂಶ-ರೇಖಾಂಶ, ಕಂದಕದ ಉದ್ದ, ಅಗಲ, ದಿಕ್ಕು, ಪದರ ಯಾವ ಕಡೆಗೆ ಎಷ್ಟು ವಾಲಿದೆ, ಗೀರಿನ ಫೋಟೋ ಇಷ್ಟನ್ನು ದಾಖಲಿಸಿ. ಫೋಟೋದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಡಿ. ಅರ್ಧ ಕೆತ್ತಿದ ತುಂಡು, ಶಾಸನದ ಚೂರು ಇದ್ದರೆ ಕದಲಿಸಬೇಡಿ, ಫೋಟೋ ತೆಗೆದು ರಾಜ್ಯದ ಪುರಾತತ್ವ ಇಲಾಖೆಗೆ ಕಳಿಸಿ. ಅಕ್ಷಾಂಶ-ರೇಖಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕದಿದ್ದರೆ ಒಳ್ಳೆಯದು, ನಿಧಿ ಹುಡುಕುವವರ ಕಾಟ ನಿಮಗೆ ಗೊತ್ತೇ ಇದೆ.

ಗುರುತಿಗೆಂದು ಒಂದೆರಡು ಚಕ್ಕೆ ಇಟ್ಟುಕೊಳ್ಳುವುದು ಬೇರೆ, ಕೆತ್ತಲು ದಿಮ್ಮಿ ಎತ್ತಿಕೊಂಡು ಬರುವುದು ಬೇರೆ. 2015ರಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿತು, ಬಳಪದ ಕಲ್ಲು ಅದರಲ್ಲಿದೆ. ಈಗ ಅನುಮತಿ ಕೊಡುವುದು ರಾಜ್ಯದ ಗಣಿ ಇಲಾಖೆ. ಕೆತ್ತುವ ಆಸೆ ಇದ್ದರೆ ಲೈಸೆನ್ಸ್ ಇರುವವರಿಂದ ಕಲ್ಲು ಕೊಂಡುಕೊಳ್ಳಿ.

ಕೆತ್ತುವಾಗ, ಉಜ್ಜುವಾಗ ಕಲ್ಲನ್ನು ಒದ್ದೆಯಾಗಿಯೇ ಇಟ್ಟುಕೊಳ್ಳಿ. ಮೇಲೆ ಹೇಳಿದ ಸೂಜಿಯಂಥ ಟ್ರೆಮೋಲೈಟ್ ಕೆಲವು ಕಲ್ಲಿನಲ್ಲಿ ಎಳೆ ಎಳೆಯಾಗಿ ಇರುತ್ತದೆ. ಅದು ಆಸ್ಬೆಸ್ಟಾಸ್ ಜಾತಿಯದು, ದೂಳಾಗಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಟಾಲ್ಕ್ ದೂಳೂ ವರ್ಷಗಟ್ಟಲೆ ಕುಡಿದರೆ ಒಳ್ಳೆಯದಲ್ಲ. ಬಟ್ಟೆ ಸುತ್ತಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಆಸ್ಬೆಸ್ಟಾಸ್ ಎಳೆಗೆ ಅದೂ ಸಾಲದು. ಭೂತಗನ್ನಡಿಯಲ್ಲಿ ನಾರಿನಂಥ ಎಳೆ ಕಂಡ ಕಲ್ಲನ್ನು ಕೆತ್ತಲೇಬೇಡಿ. ಪಾತ್ರೆಗಂತೂ ಅದು ಬೇಡವೇ ಬೇಡ.